ಗಣಿಯ ಆಳದಿಂದ ಕಡಲಿನ ಆಳಕ್ಕೆ

1951ರಲ್ಲಿ ಹೋಮಿ ಭಾಭಾ ಅವರು ನಂಜನಗೂಡಿನ ತರುಣ ಬಿ.ವಿ. ಶ್ರೀಕಂಠನ್ ಅವರನ್ನು ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ವಿಶ್ವಕಿರಣಗಳಿಂದ ಹುಟ್ಟುವ ಮ್ಯೂಆನ್ ಕಣಗಳು ನೆಲದೊಳಗೆ ಎಷ್ಟು ಆಳಕ್ಕೆ ಇಳಿಯುತ್ತವೆಂದು ಎಣಿಸುವುದು ಅವರ ಕೆಲಸ.

ಹತ್ತು ವರ್ಷ ಕಳೆದ ಮೇಲೆ ತಂಡ ಸುಮಾರು 2,700 ಮೀಟರ್ ಆಳ ಮುಟ್ಟಿತು. ಅಲ್ಲಿ ಎರಡು ತಿಂಗಳು ಕಾದರೂ ಒಂದೇ ಒಂದು ಮ್ಯೂಆನ್ ಬರಲಿಲ್ಲ. ಎಂ.ಜಿ.ಕೆ. ಮೆನನ್, ಶ್ರೀಕಂಠನ್ ಮತ್ತು ಸಂಗಡಿಗರಿಗೆ ಆ ಸೊನ್ನೆಯೇ ದಾರಿ ತೋರಿತು. ಮೇಲಿನ ಗದ್ದಲ ತಲುಪದ ಕಡೆ ಕಣವೊಂದು ಕಾಣಿಸಿದರೆ ಅದು, ಎಷ್ಟೇ ಬಂಡೆಯಿದ್ದರೂ ತೂರಿ ಬರಬಲ್ಲ ನ್ಯೂಟ್ರಿನೊ ಕಣ ಹುಟ್ಟಿಸಿದ್ದೇ ಆಗಿರಬೇಕಲ್ಲವೆ?

ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಜತೆ ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹ್ಯಾಮ್‌ನವರು ಕೈಜೋಡಿಸಿದರು. ಕೋಲಾರದ ಚಾಂಪಿಯನ್ ರೀಫ್ ಗಣಿಯಲ್ಲಿ, 2.3 ಕಿ.ಮೀ. ಆಳದಲ್ಲಿ, ಪ್ಲಾಸ್ಟಿಕ್ ಸಿಂಟಿಲೇಟರ್‌ಗಳ ಎರಡು ಗೋಡೆಗಳು ಎದುರುಬದುರು ನಿಂತವು; ನಡುವೆ ನಿಯಾನ್ ಫ್ಲ್ಯಾಶ್ ಟ್ಯೂಬುಗಳು. ಹಾಗೆ ಲಂಬವಾಗಿ ನಿಲ್ಲಿಸಿದ್ದರಲ್ಲೇ ಇಡೀ ಜಾಣ್ಮೆ ಇದೆ. ಆಕಾಶದ ಮ್ಯೂಆನ್ ಇಷ್ಟು ಆಳಕ್ಕೆ ಬಂದರೆ ತಲೆಯ ಮೇಲಿಂದ ಬರಬೇಕು. ಅಡ್ಡಡ್ಡ ಬರುವುದಾದರೆ ಮೈಲುಗಟ್ಟಲೆ ಬಂಡೆ ಅದನ್ನು ನುಂಗಿಬಿಡುತ್ತದೆ. ಅಡ್ಡ ಹಾದ ಕಣ ಪಕ್ಕದ ಬಂಡೆಯಲ್ಲೇ ನ್ಯೂಟ್ರಿನೊ ಬಡಿದು ಹುಟ್ಟಿದ್ದು. ಕಣ ಹಾದಲ್ಲಿ ಟ್ಯೂಬುಗಳು ಮಿನುಗಿ ಫಿಲ್ಮಿನಲ್ಲಿ ಜಾಡು ಮೂಡುತ್ತಿತ್ತು. 1965ರಲ್ಲಿ ಅಂಥ ಜಾಡುಗಳು ಸಿಕ್ಕವು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಫ್ರೆಡರಿಕ್ ರೈನ್ಸ್ ತಂಡಕ್ಕೂ ಸಿಕ್ಕವು.

ಈಗ ಈ ಹುಡುಕಾಟ ಕಡಲಿಗಿಳಿದಿದೆ. ಸಿಸಿಲಿಯ ಬಳಿ ಸುಮಾರು 3,450 ಮೀಟರ್ ಆಳದಲ್ಲಿ ಗಾಜಿನ ಗೋಳಗಳ ಸರಗಳನ್ನು ನಿಲ್ಲಿಸಿದ್ದಾರೆ. ಮ್ಯೂಆನ್ ಹಾದಾಗ ನೀರಿನಲ್ಲಿ ಹೊಮ್ಮುವ ನೀಲಿ ಚೆರೆಂಕೋವ್ ಬೆಳಕನ್ನು ಅವು ಹಿಡಿಯುತ್ತವೆ. ಆದರೆ ನೀರು ಆ ಬೆಳಕನ್ನು ಚದುರಿಸುವುದೂ ಉಂಟು. 1921ರಲ್ಲಿ ಸಿ.ವಿ. ರಾಮನ್ ಇದೇ ಮೆಡಿಟರೇನಿಯನ್ ಮೇಲೆ ಹಡಗಿನಿಂದ ನಿಕೋಲ್ ಪಟ್ಟಕ ಹಿಡಿದು, ಮೇಲ್ಮೈ ಪ್ರತಿಫಲನವನ್ನು ಅಡಗಿಸಿ ನೋಡಿದ್ದರು. ಕಡಲಿನ ನೀಲಿ ಬರೀ ಆಕಾಶದ ನೆರಳಲ್ಲ, ನೀರಿನ ಅಣುಗಳೇ ಬೆಳಕು ಚದುರಿಸುತ್ತವೆ ಎಂದು ವಾದಿಸಿದ್ದರು. ಅಣುಗಳ ಜತೆಗೆ ಮಣ್ಣಿನ ಚೂರು, ಸತ್ತ ಸೂಕ್ಷ್ಮಜೀವಿಗಳ ಉಳಿಕೆಯೂ ನೀರಿನಲ್ಲಿ ತೇಲುತ್ತವೆ. ಕೆಲವೇ ಮೈಕ್ರೊಮೀಟರಿನ ಈ ಕಣಗಳು ಬೆಳಕನ್ನು ಬಹುಪಾಲು ಮುಂದಕ್ಕೇ ಬಿಟ್ಟರೂ ತುಸು ಓರೆ ಮಾಡುತ್ತವೆ. ದಾರಿ ಓರೆಯಾದ ಬೆಳಕು ಗೋಳವನ್ನು ತಡವಾಗಿ ಮುಟ್ಟುತ್ತದೆ. ಕೆಲವು ನ್ಯಾನೊಸೆಕೆಂಡ್ ಏರುಪೇರಾದರೂ ನ್ಯೂಟ್ರಿನೊ ಬಂದ ದಿಕ್ಕಿನ ಲೆಕ್ಕ ಕೆಡುತ್ತದೆ. ಅದಕ್ಕೇ ತಿಳಿನೀರಿನ ಆಳ ಬೇಕು.

2023ರ ಫೆಬ್ರವರಿ 13ರಂದು ಅಲ್ಲಿ ಅಪಾರ ಶಕ್ತಿಯ ಮ್ಯೂಆನ್ ಒಂದು ದಾಖಲಾಯಿತು. ಅದೂ ಬಹುತೇಕ ಅಡ್ಡಲಾಗಿಯೇ ಬಂದದ್ದು. ಅದರ ಮೂಲ ನ್ಯೂಟ್ರಿನೊ ಎಂದು ಗುರುತಿಸಲು ಹಿಡಿದದ್ದು ಕೋಲಾರದ ತರ್ಕವನ್ನೇ. ಕೆಜಿಎಫ್ ಎಂದರೆ ಚಿನ್ನವನ್ನಷ್ಟೇ ಹೇಳಿಕೊಡುವ ನಮ್ಮ ಪಠ್ಯಪುಸ್ತಕಗಳಲ್ಲಿ 1965ರ ಈ ಕತೆಗೂ ಒಂದು ಪುಟ ಮೀಸಲಾಗಬೇಕು.