ಮಾಡಿನ ಮೇಲಿನ ಕಲ್ನಾರು

ಬೀರೂರಿನಲ್ಲಿ ರೈಲುಹಾದಿ ಕವಲೊಡೆಯುತ್ತದೆ. ಕಡೂರನ್ನು ದಾಟಿ ಬಂದ ಗಾಡಿ ಒಂದು ಕಡೆಗೆ ತಿರುಗಿದರೆ ತರೀಕೆರೆ, ಇನ್ನೊಂದು ಕಡೆಗೆ ತಿರುಗಿದರೆ ಅಜ್ಜಂಪುರ. ಯಾವ ಕವಲನ್ನು ಹಿಡಿದರೂ ಕಿಟಕಿಯಾಚೆಯ ಒಂದು ನೋಟ ತಪ್ಪದು: ಕೆಂಪು ಹೆಂಚುಗಳ ನಡುವೆ ಅಲೆ ಅಲೆಯಾದ ಬೂದುಬಣ್ಣದ ಮಾಡುಗಳು. ತೆಂಗಿನಕಾಯಿಯ ಕೊಟ್ಟಿಗೆಗೆ ಅದೇ ಹೊದಿಕೆ, ಅಡಕೆ ಬೇಯಿಸುವಲ್ಲಿಯೂ ಅದೇ, ಈರುಳ್ಳಿ ಕೂಡಿಡುವ ಶೆಡ್ಡಿಗೂ ಅದೇ. ಜನ ಇದನ್ನು ಸಿಮೆಂಟು ಶೀಟು ಎನ್ನುತ್ತಾರೆ. ಹೆಸರಿನಲ್ಲಿ ಸಿಮೆಂಟು ಮಾತ್ರ ಉಂಟು. ಹಳೆಯ ಹಾಳೆಗಳಲ್ಲಿ ಅದರೊಡನೆ ಕಲ್ನಾರೂ ಉಂಟು.

ಕಲ್ನಾರು ಸೋಜಿಗದ ವಸ್ತು. ಕಲ್ಲಾಗಿ ಹುಟ್ಟಿ ನಾರಾಗಿ ಬಿಡಿಸಿಕೊಳ್ಳುತ್ತದೆ. ನೂಲಬಹುದು, ನೇಯಬಹುದು, ಬೆಂಕಿಗೆ ಸುಡದು. ನೆರೆಯ ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತಿನ ಶಿಲೆಗಳಲ್ಲಿಯೂ ಅದು ದೊರೆತದ್ದುಂಟು. ಮಾಡಿನ ಹಾಳೆಯಲ್ಲಿ ನೂರಕ್ಕೆ ಸುಮಾರು 8ರಿಂದ 10 ಪಾಲು ಬಿಳಿಯ ಕಲ್ನಾರು, ಉಳಿದದ್ದು ಹೆಚ್ಚಾಗಿ ಸಿಮೆಂಟು.

ಗಟ್ಟಿಯಾಗಿ, ಅಲುಗಾಡದೆ ಮಲಗಿರುವ ಹಾಳೆಯಿಂದ ಅಪಾಯ ಕಡಿಮೆ. ಕೇಡು ಹುಟ್ಟುವುದು ಗರಗಸ ತಾಗಿದಾಗ, ಬೈರಿಗೆ ತೂತು ಕೊರೆದಾಗ, ಶಿಥಿಲವಾದ ಹಾಳೆಯನ್ನು ಒಡೆದು ಕೆಳಕ್ಕೆ ಎಸೆದಾಗ. ಆಗ ಏಳುವ ಎಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಉಸಿರಿನೊಡನೆ ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲಿಯೇ ನೆಲೆಸುತ್ತವೆ. ಕೆಲವರಲ್ಲಿ ಶ್ವಾಸಕೋಶ ಗಾಯದ ಕಲೆಗಟ್ಟಿ ಬಿರುಸಾಗುತ್ತದೆ, ಕೆಲವರಲ್ಲಿ ಕ್ಯಾನ್ಸರ್ ಹುಟ್ಟುತ್ತದೆ; ಶ್ವಾಸಕೋಶದ ಹೊರಪೊರೆಗೆ ಬರುವ ಮೀಸೋಥೀಲಿಯೋಮ ಎಂಬ ಕ್ಯಾನ್ಸರಿಗಂತೂ ಕಲ್ನಾರೇ ಮುಖ್ಯ ಕಾರಣ. ಇವು ತಲೆದೋರಲು 20, 30, ಕೆಲವೊಮ್ಮೆ 40 ವರ್ಷಗಳೇ ಬೇಕು. ಬೀಡಿ ಸೇದುವವನಿಗೆ ಶ್ವಾಸಕೋಶದ ಕ್ಯಾನ್ಸರಿನ ಭಯ ಹಲವು ಪಟ್ಟು. ಇಪ್ಪತ್ತೈದರ ಹರೆಯದಲ್ಲಿ ಕುಡಿದ ಧೂಳಿಗೆ ಅರವತ್ತರಲ್ಲಿ ದಮ್ಮು ಹತ್ತಿದರೆ, ಯಾವ ಮಾಡಿನ ಧೂಳೆಂದು ಹೇಳುವವರಾರು?

ಲೋಕಕ್ಕೆ ಇದು ತಿಳಿಯದ ಸಂಗತಿಯಲ್ಲ. ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ ಕಲ್ನಾರಿನ ನೂಲು ತೆಗೆಯುತ್ತಿದ್ದ ನೆಲ್ಲಿ ಕರ್ಷಾ ಎಂಬಾಕೆ 1924ರಲ್ಲಿ, 33ರ ವಯಸ್ಸಿನಲ್ಲಿ ತೀರಿಕೊಂಡಾಗ ಡಾಕ್ಟರ್ ಕುಕ್ ಆಕೆಯ ಶ್ವಾಸಕೋಶವನ್ನು ಪರೀಕ್ಷಿಸಿ ಕಾರಣವನ್ನು ವೈದ್ಯಲೋಕಕ್ಕೆ ತಿಳಿಸಿದರು. 1931ರಲ್ಲಿಯೇ ಆ ದೇಶ ಧೂಳಿನ ಬಗ್ಗೆ ನಿಯಮ ಮಾಡಿತು. 1960ರಲ್ಲಿ ದಕ್ಷಿಣ ಆಫ್ರಿಕಾದಿಂದ ಬಂದ ವರದಿ, ಗಣಿಗಿಳಿಯದೆ ಅದರ ನೆರೆಯಲ್ಲಿ ಬಾಳಿದವರಿಗೂ ರೋಗ ತಗಲಿದುದನ್ನು ತೋರಿಸಿತು. ಬಿಳಿಯ ಕಲ್ನಾರನ್ನು ಬ್ರಿಟನ್ 1999ರಲ್ಲಿ ನಿಷೇಧಿಸಿತು. ನಮ್ಮಲ್ಲಿ 1986ರಿಂದ ಗಣಿಗೆ ಹೊಸ ಪರವಾನಗಿ ನಿಂತಿತು, ಆದರೆ ಹೊರದೇಶದ ಕಲ್ನಾರು ಹಡಗಿನಲ್ಲಿ ಬರುತ್ತಲೇ ಇದೆ. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಗಣಿ ಕಾರ್ಖಾನೆಗಳು ಪ್ರತಿ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಅಥವಾ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕೆಂದಿತು.

ಒಳ್ಳೆಯ ತೀರ್ಪು. ಆದರೆ ಅಜ್ಜಂಪುರದ ಈರುಳ್ಳಿ ಶೆಡ್ಡಿನ ಮೇಲೆ ಕುಳಿತು ತೂತು ಕೊರೆಯುವ ದಿನಗೂಲಿಯವನು ಯಾವ ಕಾರ್ಖಾನೆಯ ಪುಸ್ತಕದಲ್ಲಿದ್ದಾನೆ? ಇಂದು ಈ ಊರು, ನಾಳೆ ತರೀಕೆರೆ, ನಾಡಿದ್ದು ಕಡೂರು. ಅವನ ಲೆಕ್ಕ ಸಂಜೆಯ ಕೂಲಿಗೇ ಮುಗಿಯುತ್ತದೆ. ಆದ್ದರಿಂದ ಎಚ್ಚರಿಕೆಯ ಹೊಣೆಯನ್ನು ಮಾಡು ಹಾಕಿಸುವ ಯಜಮಾನನೇ ಹೊರಬೇಕೆಂದು ನಮ್ಮ ಅಭಿಪ್ರಾಯ. ಹೊಸದಾಗಿ ಹಾಕಿಸುವವರು ಹೆಂಚನ್ನೋ ತಗಡನ್ನೋ ಕಲ್ನಾರಿಲ್ಲದ ಹಾಳೆಯನ್ನೋ ಕೇಳಿ ಕೊಳ್ಳಬಹುದು. ಹಳೆಯದನ್ನು ತೆಗೆಯುವುದಾದರೆ ಮೊದಲು ನೀರು ಚಿಮುಕಿಸಿ ಚೆನ್ನಾಗಿ ನೆನೆಸಬೇಕು. ಮೊಳೆ ಬೋಲ್ಟುಗಳನ್ನು ಬಿಚ್ಚಿ ಹಾಳೆಯನ್ನು ಇಡಿಯಾಗಿ ಇಳಿಸಬೇಕು. ಕರೆಂಟಿನ ಗರಗಸ ಬೇಡವೇ ಬೇಡ. ಹೆಗಲ ಟವೆಲನ್ನು ಮೂಗಿಗೆ ಸುತ್ತಿದರೆ ಸಾಲದು, ಅದರ ನೂಲಿನ ಸಂದಿನಲ್ಲಿ ಕಲ್ನಾರು ನಿರಾಯಾಸವಾಗಿ ನುಸುಳುತ್ತದೆ. ಸೂಕ್ಷ್ಮ ಧೂಳನ್ನು ತಡೆಯಲೆಂದೇ ಮಾಡಿದ, ಮುಖಕ್ಕೆ ಬಿಗಿಯಾಗಿ ಕೂಡುವ ಮಾಸ್ಕೇ ಬೇಕು. ಹಾಳೆಯ ಮೇಲೆ ನೇರವಾಗಿ ಕಾಲಿಡುವುದೂ ಅಪಾಯ: ಮುದಿ ಹಾಳೆ ಸುಳಿವು ಕೊಡದೆ ಒಡೆಯುತ್ತದೆ, ಮೇಲಿದ್ದವನು ಕೆಳಗಿರುತ್ತಾನೆ.

ಅವನ ಮನೆಯವರ ಮಾತೂ ಉಂಟು. ಧೂಳು ಹಿಡಿದ ಅಂಗಿಯನ್ನು ಒಗೆಯುವ ಮುನ್ನ ಕೊಡವಿದ ಹೆಂಡತಿಯರಿಗೆ ಈ ರೋಗ ಬಂದುದು ಪಶ್ಚಿಮದ ದೇಶಗಳಲ್ಲಿ ದಾಖಲಾಗಿದೆ. ಕೆಲಸದ ಜಾಗದಲ್ಲಿಯೇ ಬಟ್ಟೆ ಬದಲಿಸಿ, ಒದ್ದೆ ಮಾಡಿ ಬೇರೆಯಾಗಿ ಒಗೆಯುವುದು ದುಬಾರಿಯ ಉಪಾಯವಲ್ಲ.

ಇನ್ನು ಉಳಿದ ಚೂರುಗಳು. ಅವನ್ನು ಒದ್ದೆಯಿರುವಾಗಲೇ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಗುರುತು ಹಾಕಿಡಬೇಕು. ಮನೆಮುಂದಿನ ಕೊರಕಲಿಗೆ ತುಂಬಿದರೆ ಟ್ರ್ಯಾಕ್ಟರಿನ ಗಾಲಿ ಅವನ್ನು ಅರೆಯುತ್ತದೆ. ಬೇಸಿಗೆಯ ಗಾಳಿಗೆ ಆ ಪುಡಿ ಮತ್ತೆ ಏಳುತ್ತದೆ, ಮಕ್ಕಳು ಆಡುವುದೂ ಅಲ್ಲಿಯೇ.