ಹಚ್ಚೆ ಅಳಿಸುವ ಬೆಳಕು

ಲೇಪಾಕ್ಷಿ, ಹಿಂದೂಪುರ, ಕಲ್ಯಾಣದುರ್ಗ ಸೀಮೆಯ ಹಳ್ಳಿಗಳಲ್ಲಿ ಅಜ್ಜಿಯರ ಮುಂಗೈಯ ಹಚ್ಚೆಯನ್ನು ಕಾಣದೆ ಬೆಳೆದ ಹಿರಿಯರು ವಿರಳ. ಕೊರವಂಜಿಯರು ಸೂಜಿಯಿಂದ ಚುಚ್ಚಿ ಬರೆದ ಆ ಚುಕ್ಕೆ, ಗೆರೆ, ರಂಗವಲ್ಲಿಗಳಿಗೆ ಮನೆಯಲ್ಲಿ ಹಚ್ಚೆ ಎನ್ನುವ ನಾವು ಬೀದಿಯಲ್ಲಿ ಪಚ್ಚಬೊಟ್ಟು ಎಂದು ತೆಲುಗಿನಲ್ಲಿ ಕೇಳುತ್ತೇವೆ. ಎರಡರ ಬೇರೂ ಒಂದೇ: ಪಚ್ಚೆ, ಅರ್ಥಾತ್ ಹಸಿರು. ಹಳಗನ್ನಡದ ಪಕಾರವು ನಮ್ಮಲ್ಲಿ ಹಕಾರವಾಯಿತು, ತೆಲುಗರಲ್ಲಿ ಹಾಗೆಯೇ ಉಳಿಯಿತು. ಸ್ವಾರಸ್ಯವೆಂದರೆ, ಚುಚ್ಚಲು ಮುಖ್ಯವಾಗಿ ಬಳಸುತ್ತಿದ್ದುದು ದೀಪದ ಕಪ್ಪು ಮಸಿ. ಚರ್ಮದ ಒಳಪದರದಲ್ಲಿ ನೆಲೆಸಿದ ಕಪ್ಪನ್ನು ಮೇಲಿನ ಪದರದ ಮೂಲಕ ನೋಡುವಾಗ ಬೆಳಕು ಚದುರುವುದರಿಂದ ಅದು ನಮಗೆ ನೀಲಿಹಸಿರಾಗಿ ಕಾಣುತ್ತದೆ.

ಅಜ್ಜಿಯರು ಹಚ್ಚೆಯನ್ನು ಅಳಿಸಬೇಕೆಂದು ಬಯಸಿದವರಲ್ಲ. ಇಂದು ಜಾತ್ರೆಯಲ್ಲೋ ಪಟ್ಟಣದ ಅಂಗಡಿಯಲ್ಲೋ ಯಂತ್ರದಿಂದ ಬರೆಸಿಕೊಂಡ ಯುವಕರ ಸ್ಥಿತಿ ಬೇರೆ. ಸೈನ್ಯಕ್ಕೆ ಸೇರಬಯಸುವವರಿಗೆ ಸಾಮಾನ್ಯವಾಗಿ ಮುಂಗೈಯ ಒಳಭಾಗ ಮತ್ತು ಅಂಗೈಯ ಹಿಂಬದಿಯ ಹಚ್ಚೆಗೆ ಮಾತ್ರ ಅನುಮತಿ. ಬುಡಕಟ್ಟು ಸಮುದಾಯಗಳಿಗೆ ರಿಯಾಯಿತಿ ಉಂಟು. ಭರ್ತಿಯ ದಿನ ಹತ್ತಿರವಾದಾಗ ಸುಣ್ಣ, ಗೇರೆಣ್ಣೆ, ಆಸಿಡ್ ಹಚ್ಚಿ ಚರ್ಮ ಸುಟ್ಟುಕೊಳ್ಳುವವರಿದ್ದಾರೆ. ಹಚ್ಚೆ ಹೋದರೂ ಜೀವನವಿಡೀ ಉಳಿಯುವ ಕಲೆ ಅದರ ಸ್ಥಾನವನ್ನು ಆಕ್ರಮಿಸುತ್ತದೆ.

ಹಚ್ಚೆಯೇಕೆ ತಾನಾಗಿ ಮಾಸುವುದಿಲ್ಲ? ಶಾಯಿಯ ಕಣಗಳು ಒಳಗೆ ಸೇರಿದೊಡನೆ ದೇಹದ ಭಕ್ಷಕ ಕೋಶಗಳು ಅವನ್ನು ನುಂಗುತ್ತವೆ. ಆದರೆ ಕಣಗಳು ದೊಡ್ಡವು. ಜೀರ್ಣವೂ ಆಗವು, ಸಾಗಿಸಲೂ ಆಗದು. ಒಂದು ಕೋಶ ಸತ್ತರೆ ಅದು ಬಿಟ್ಟ ಶಾಯಿಯನ್ನು ಪಕ್ಕದಲ್ಲಿ ಹುಟ್ಟಿದ ಇನ್ನೊಂದು ನುಂಗುತ್ತದೆ. ಫ್ರಾನ್ಸಿನ ವಿಜ್ಞಾನಿಗಳು 2018ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ಇದನ್ನು ತೋರಿಸಿಕೊಟ್ಟರು. ಹೊಲದ ಪಹಣಿ ತಂದೆಯಿಂದ ಮಗನಿಗೆ ಬಂದಂತೆ ಶಾಯಿಯೂ ಕೈಬದಲಾಗುತ್ತದೆ, ಜಾಗ ಬದಲಾಗದು.

ಲೇಸರ್ ಕಿರಣ ಹಚ್ಚೆಯನ್ನು ಒರೆಸಿ ಹಾಕುವುದೆಂಬ ನಂಬಿಕೆ ತಪ್ಪು. ಅದು ಕಣಗಳನ್ನು ಒಡೆಯುತ್ತದೆ, ಅಷ್ಟೆ. ಚೂರುಗಳನ್ನು ಸಾಗಿಸುವ ಕೆಲಸ ದೇಹದ್ದು. ಅಮೆರಿಕದ ಥಿಯೊಡೋರ್ ಮೈಮನ್ 1960ರಲ್ಲಿ ಮೊದಲ ಲೇಸರನ್ನು ಬೆಳಗಿಸಿದ ಕೆಲವೇ ವರ್ಷಗಳಲ್ಲಿ ಲಿಯೊನ್ ಗೋಲ್ಡ್‌ಮನ್ ಎಂಬ ಚರ್ಮವೈದ್ಯರು ಅದನ್ನು ಹಚ್ಚೆಯ ಮೇಲೆ ಪ್ರಯೋಗಿಸಿದರು. ಹದ ತಿಳಿಸಿದ್ದು 1983ರಲ್ಲಿ ಆಂಡರ್ಸನ್ ಮತ್ತು ಪ್ಯಾರಿಷ್ ಪ್ರಕಟಿಸಿದ ಸಿದ್ಧಾಂತ: ಗುರಿಯ ವಸ್ತು ಮಾತ್ರ ಹೀರುವ ಬಣ್ಣದ ಬೆಳಕನ್ನು, ಶಾಖ ಸುತ್ತಮುತ್ತ ಹರಡುವ ಮುನ್ನವೇ ಮುಗಿಯುವಷ್ಟು ಅಲ್ಪಕಾಲ ಹಾಯಿಸಬೇಕು. ಈಗಿನ ಯಂತ್ರಗಳಲ್ಲಿ ಒಂದು ಮಿಡಿತದ ಅವಧಿ ಸೆಕೆಂಡಿನ ನೂರು ಕೋಟಿಯ ಕೆಲವೇ ಭಾಗ. ಇನ್ನೂ ಸೂಕ್ಷ್ಮವಾದವೂ ಬಂದಿವೆ. ಬಂಡೆಯ ಮೇಲೆ ಬೆಂಕಿಯಿಟ್ಟು ಸೀಳುವುದನ್ನು ನಮ್ಮ ಕಲ್ಲುಕುಟಿಗರು ಬಲ್ಲರು. ಹಠಾತ್ತಾಗಿ ಕಾದ ಶಾಯಿಯ ಕಣವೂ ಹಾಗೆಯೇ ಸಿಡಿಯುತ್ತದೆ.

ನಮ್ಮಂಥ ಕಂದುಚರ್ಮದವರಿಗೆ ಇಲ್ಲೊಂದು ತೊಡಕಿದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಬೆಳಕನ್ನು ಹೀರಿ ಕಾಯುತ್ತದೆ. ತಪ್ಪು ಕಿರಣ ಬಿದ್ದರೆ ಬೊಕ್ಕೆ, ಬಿಳಿ ಮಚ್ಚೆ, ಕಪ್ಪು ಕಲೆ. ಮೆಲನಿನ್ ಕಡಿಮೆ ಹೀರುವ, ಆಳಕ್ಕಿಳಿಯುವ 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಲೇಸರ್ ನಮಗೆ ಹೆಚ್ಚು ಸುರಕ್ಷಿತ. ಅದೃಷ್ಟವಶಾತ್ ಕಪ್ಪು ಮಸಿಗೂ ಅದೇ ಒಗ್ಗುತ್ತದೆ. ಕೆಂಪು ಶಾಯಿಗೆ 532, ಹಸಿರಿಗೆ 694 ಅಥವಾ 755 ಬೇಕು. ಇವುಗಳಲ್ಲಿ ನಮ್ಮ ಚರ್ಮಕ್ಕೆ ಅಪಾಯ ಹೆಚ್ಚು. ಬಿಳಿ ಶಾಯಿ, ತುಟಿ-ಹುಬ್ಬಿಗೆ ತುಂಬಿಸಿದ ಬಣ್ಣಗಳಂತೂ ಕಿರಣ ತಾಗಿ ಕಪ್ಪಗಾಗಬಹುದು. ಮೊದಲು ಒಂದು ಚುಕ್ಕೆಯ ಮೇಲೆ ಪರೀಕ್ಷಿಸಿ ನೋಡಬೇಕು. ಭಾರತೀಯ ಚರ್ಮತಜ್ಞರ ಸಂಘಕ್ಕಾಗಿ ಹೈದರಾಬಾದಿನ ಡಾ. ಸಂಜೀವ್ ಔರಂಗಾಬಾದ್ಕರ್ ಮತ್ತು ಬೆಂಗಳೂರಿನ ಡಾ. ವೆಂಕಟರಾಮ್ ಮೈಸೂರು 2009ರಲ್ಲೇ ಈ ಚಿಕಿತ್ಸೆಯ ಮಾರ್ಗಸೂಚಿ ಪ್ರಕಟಿಸಿದ್ದಾರೆ. ಸೌಂದರ್ಯ ಮಳಿಗೆಯ ಫಲಕಕ್ಕೆ ಮರುಳಾಗುವ ಮುನ್ನ ಕಿರಣ ಹಾಯಿಸುವವರು ಚರ್ಮವೈದ್ಯರೇ ಎಂದು ವಿಚಾರಿಸುವುದು ಲೇಸು.

ಒಂದು ಬಾರಿಗೆ ಹಿಡಿಯುವುದು ಕೆಲವೇ ನಿಮಿಷ. ರಬ್ಬರು ಪಟ್ಟಿ ಎಳೆದು ಬಿಟ್ಟಂಥ ನೋವಿರುತ್ತದೆ. ಮರಗಟ್ಟಿಸುವ ಮುಲಾಮು ಹಚ್ಚುವುದುಂಟು. ರೋಗಿಯ ಕಣ್ಣಿಗೂ ವೈದ್ಯರ ಕಣ್ಣಿಗೂ ರಕ್ಷಾಕನ್ನಡಕ ಕಡ್ಡಾಯ. ಆಮೇಲೆ ಗಾಯವನ್ನು ಶುಚಿಯಾಗಿಟ್ಟು, ಹಕ್ಕಳೆ ಕೀಳದೆ, ಬಿಸಿಲಿನಿಂದ ಮರೆಮಾಡಬೇಕು. ನಮ್ಮ ಅನಂತಪುರದ ಕಡೆಯ ಬಿಸಿಲಿಗೆ ಈ ಮಾತನ್ನು ಎರಡು ಸಲ ಹೇಳಬೇಕು. ಬೊಬ್ಬೆಗಟ್ಟಿದ ಕಲೆ ಏಳುವ ಮೈಯವರು, ಕೆಂಪು ಶಾಯಿಯಿಂದ ತುರಿಕೆ-ಊತ ಬಂದವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಗರ್ಭಿಣಿಯರು ಚಿಕಿತ್ಸೆಯನ್ನು ಮುಂದೂಡಬೇಕು.

ಚೂರುಗಳನ್ನು ಸಾಗಿಸಲು ದೇಹಕ್ಕೆ ಬಿಡುವು ಬೇಕಾದುದರಿಂದ ಎರಡು ಚಿಕಿತ್ಸೆಗಳ ನಡುವೆ ಆರರಿಂದ ಎಂಟು ವಾರ ಕಳೆಯಬೇಕು. ಹಳೆಯ ಮಸಿಯ ಹಚ್ಚೆ ಕೆಲವೇ ಬಾರಿಗೆ ಮಾಸಬಹುದು. ದಟ್ಟ ಬಣ್ಣಗಳ ಚಿತ್ರಕ್ಕೆ ಹತ್ತು ಬಾರಿಯೂ ಸಾಲದಿರಬಹುದು, ಕೊನೆಗೆ ಮಸುಕಾದ ನೆರಳು ಉಳಿಯಲೂಬಹುದು. ಸೈನ್ಯದ ಕನಸಿರುವ ಹುಡುಗನು ಭರ್ತಿಗೆ ಒಂದೂವರೆ ವರ್ಷ ಮುಂಚೆಯೇ ಚರ್ಮವೈದ್ಯರನ್ನು ಕಾಣುವುದು ಉಚಿತ. ಒಂದು ತಿಂಗಳು ಉಳಿದಿರುವಾಗ ಬಂದವನಿಗೆ ಯಾವ ಯಂತ್ರವೂ ನೆರವಾಗದು.