ಕ್ಯಾಸೆಟ್‌ನಲ್ಲಿ ಉಳಿದ ದನಿಯೂ ಒಂದು ಅಮಾನತ್

ಆರ್.ಟಿ. ನಗರ, ಹೆಬ್ಬಾಳ, ಯಲಹಂಕದ ಕಡೆ ಹಳೆಯ ಮನೆಗಳನ್ನು ಕೆಡವಿ ಮಹಡಿ ಮೇಲೆ ಮಹಡಿ ಎಬ್ಬಿಸುವ ಕೆಲಸ ನಡೆದೇ ಇದೆ. ಮನೆ ಖಾಲಿ ಮಾಡುವಾಗ ಅಟ್ಟದಿಂದ ಒಂದು ಡಬ್ಬ ಕ್ಯಾಸೆಟ್ ಇಳಿಯುತ್ತದೆ. "ಹಜರತ್, ಇವನ್ನು ಗುಜರಿಗೆ ಹಾಕಬಹುದೇ?" ಎಂದು ಕೇಳುವವರಿದ್ದಾರೆ. ಹಾಕುವ ಮೊದಲು ಒಮ್ಮೆ ಕೇಳಿಸಿಕೊಳ್ಳಿ ಎನ್ನುವುದೇ ನಮ್ಮ ಉತ್ತರ.

ಕಾರಣವಿದೆ. ಸೌದಿ, ದುಬೈಗೆ ಫೋನ್ ಮಾಡುವುದು ದುಬಾರಿಯಾಗಿದ್ದ ಕಾಲದಲ್ಲಿ ಎಷ್ಟೋ ಮನೆಗಳು ಕಾಗದದ ಬದಲು ಕ್ಯಾಸೆಟ್‌ನಲ್ಲಿ ಮಾತಾಡಿ ಕಳಿಸುತ್ತಿದ್ದವು. ಊರಿಗೆ ಬರುವವರ ಕೈಯಲ್ಲಿ ಅದು ಹೋಗಿಬರುತ್ತಿತ್ತು. ದಾದಾ ಹೇಳಿದ ಸಲಾಂ, ದಾದಿಯ ದುಆ, ಮಗು ಮೊದಲ ಸಲ ಓದಿದ ಫಾತಿಹಾ, ನಿಕಾಹ್‌ನ ಖುತ್ಬಾ ಎಲ್ಲವೂ ಅದರಲ್ಲಿರಬಹುದು. ಮೇಲಿನ ಚೀಟಿಯಲ್ಲಿ ಸಿನಿಮಾ ಹೆಸರಿದೆ ಎಂದು ಎಸೆಯಬೇಡಿ. ಹೊಸ ಕ್ಯಾಸೆಟ್‌ಗೆ ದುಡ್ಡಿಲ್ಲದಾಗ ಹಾಡಿನ ಕ್ಯಾಸೆಟ್‌ನ ತಲೆಯ ಮೇಲಿನ ಎರಡು ತೂತುಗಳಿಗೆ ಅಂಟುಪಟ್ಟಿ ಹಚ್ಚಿ, ಅದರ ಮೇಲೆಯೇ ಮಾತು ತುಂಬುತ್ತಿದ್ದರು. ಅಂಟುಪಟ್ಟಿ ಕಂಡರೆ ಆ ಕ್ಯಾಸೆಟ್ಟನ್ನೇ ಮೊದಲು ತೆಗೆದುಕೊಳ್ಳಿ. ವಾದ್ಯಗಳ ಕುರಿತು ಉಲಮಾಗಳ ಮಾತು ಓದುಗರಿಗೆ ಗೊತ್ತು, ಆ ಚರ್ಚೆ ಇಲ್ಲಿ ಬೇಡ.

ಯಮಾಮಾ ಯುದ್ಧದಲ್ಲಿ ಅನೇಕ ಹಾಫಿಝ್‌ಗಳು ಶಹೀದರಾದಾಗ ಹಝ್ರತ್ ಉಮರ್(ರ) ಕಳವಳಗೊಂಡರು. ಹಝ್ರತ್ ಅಬೂಬಕರ್(ರ) ಮೊದಲು ಹಿಂಜರಿದರೂ ಬಳಿಕ ಒಪ್ಪಿ, ಝೈದ್ ಬಿನ್ ಸಾಬಿತ್(ರ)ರಿಗೆ ಕುರ್‌ಆನನ್ನು ಒಟ್ಟುಗೂಡಿಸುವ ಹೊಣೆ ವಹಿಸಿದರು. ಇದೇ ಘಟನೆಯನ್ನು ನೆನೆದು ಈಜಿಪ್ಟಿನ ಲಬೀಬ್ ಸಈದ್ ಎಂಬವರು, ಬರಹದಲ್ಲಿ ಉಳಿದ ಕುರ್‌ಆನ್ ದನಿಯಲ್ಲೂ ಉಳಿಯಲಿ ಎಂದು ಯೋಚಿಸಿದರು. ಶೈಖ್ ಮಹ್ಮೂದ್ ಖಲೀಲ್ ಅಲ್ ಹುಸರಿಯವರ ಪೂರ್ಣ ಮುರತ್ತಲ್ ಪಾರಾಯಣ 1961ರಲ್ಲಿ ಗ್ರಾಮಫೋನ್ ತಟ್ಟೆಗಳಲ್ಲಿ ಹೊರಬಂತು. ಶೈಖ್ ಹುಸರಿ 1980ರಲ್ಲಿ ತೀರಿಕೊಂಡರು; ಇಂದು ನಮ್ಮ ಮಕ್ಕಳು ಮೊಬೈಲಿನಲ್ಲಿ ಅವರಿಂದ ತಜ್ವೀದ್ ಕಲಿಯುತ್ತಿದ್ದಾರೆ. ನಮ್ಮ ಮನೆಯ ಕ್ಯಾಸೆಟ್ಟಿಗೂ ಅದಕ್ಕೂ ಹೋಲಿಕೆಯಿಲ್ಲ, ನಿಜ. ಆದರೆ ತಡಮಾಡಬಾರದೆಂಬ ಮಾತು ಎರಡಕ್ಕೂ ಒಂದೇ.

ತಡಮಾಡಿದರೆ ಏನಾಗುತ್ತದೆ? ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಈ ಕ್ಯಾಸೆಟ್‌ನೊಳಗೆ ಇರುವುದು 4 ಮಿಲಿಮೀಟರ್ ಅಗಲವೂ ಇಲ್ಲದ ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ಕಬ್ಬಿಣದ ಆಕ್ಸೈಡ್ ಪುಡಿಯನ್ನು ಅಂಟಿನಿಂದ ಹಿಡಿಸಿರುತ್ತಾರೆ. ತೇವಕ್ಕೆ ಅಂಟು ಕೆಡುತ್ತದೆ, ಬೂಷ್ಟು ಹಿಡಿಯುತ್ತದೆ. ಟೇಪ್ ಹೇಗೋ ಉಳಿದರೂ ಅದನ್ನು ನುಡಿಸುವ ಯಂತ್ರ, ರಿಪೇರಿ ಬಲ್ಲ ಕೈ ಉಳಿಯುವುದಿಲ್ಲ. ಯುನೆಸ್ಕೊ ಮತ್ತು ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ 2019ರಲ್ಲೇ ಜಗತ್ತಿನ ಸಂಗ್ರಹಾಲಯಗಳಿಗೆ ಈ ಎಚ್ಚರಿಕೆ ಕೊಟ್ಟಿವೆ.

ಕೆಲಸ ಕಷ್ಟದ್ದಲ್ಲ, ತಾಳ್ಮೆಯದು. ಮೊದಲು ಕ್ಯಾಸೆಟ್‌ನ ತಲೆಯ ಮೇಲಿನ ಪುಟ್ಟ ಪ್ಲಾಸ್ಟಿಕ್ ತುಂಡುಗಳೆರಡನ್ನೂ ಮುರಿಯಿರಿ. ಅಂಟುಪಟ್ಟಿ ಇದ್ದರೆ ಕಿತ್ತುಹಾಕಿ. ಇಷ್ಟು ಮಾಡಿದರೆ ಯಾರೋ ಮರೆತು ರೆಕಾರ್ಡ್ ಗುಂಡಿ ಒತ್ತಿದರೂ ಮರ್ಹೂಮರ ಮಾತು ಅಳಿಸಿಹೋಗದು. ಬಿಳಿ ಬೂಷ್ಟು ಕಂಡ ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕಲೇಬೇಡಿ, ಬೇರೆ ಕವರಿನಲ್ಲಿ ಎತ್ತಿಟ್ಟು ಬಲ್ಲವರಿಗೆ ತೋರಿಸಿ.

ಮನೆಯ ಟೇಪ್ ರೆಕಾರ್ಡರ್ ಓಡುತ್ತಿದ್ದರೆ ಅದೇ ಸಾಕು. ಇಲ್ಲದವರು ನೆಂಟರಲ್ಲಿ ಕೇಳಿ, ಹಳೆಯದನ್ನು ಕೊಳ್ಳುವುದಾದರೆ ಎದುರಲ್ಲೇ ಓಡಿಸಿ ನೋಡಿ ಕೊಳ್ಳಿ. ಟೇಪ್ ತಾಗುವ ಹೆಡ್ಡನ್ನು ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿ ಒರೆಸಿ, ಒಣಗಲು ಬಿಡಿ. ವರ್ಷಗಟ್ಟಲೆ ಸುಮ್ಮನಿದ್ದ ಕ್ಯಾಸೆಟ್ಟನ್ನು ಮೊದಲು ಆ ತುದಿಯಿಂದ ಈ ತುದಿಗೆ ಒಮ್ಮೆ ಸುತ್ತಿಸಿ, ಆಮೇಲೆ ನುಡಿಸಿ. ಮೊದಲ ಪ್ರಯೋಗ ಅಮೂಲ್ಯವಲ್ಲದ ಕ್ಯಾಸೆಟ್ ಮೇಲಿರಲಿ.

ಟೇಪ್ ರೆಕಾರ್ಡರಿನ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ಒಂದು ಆಡಿಯೊ ವೈರ್ ಬೇಕು. ಹಳೆಯ ಡೆಸ್ಕ್‌ಟಾಪ್‌ನ ಹಿಂದೆ ನೀಲಿ ಬಣ್ಣದ ಲೈನ್ ಇನ್ ತೂತು ಇರುತ್ತದೆ. ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಮೈಕಿನ ತೂತು ಮಾತ್ರ, ಅದರಲ್ಲಿ ದನಿ ಒಡೆಯುತ್ತದೆ. ಲೈನ್ ಇನ್ ಇರುವ ಯುಎಸ್‌ಬಿ ಸಾಧನ ಬೇಕಾಗುತ್ತದೆ. ಎಸ್.ಪಿ. ರಸ್ತೆಯಲ್ಲಿ ಹೆಸರು ಹೇಳಿ ಕೇಳಿ. ಟೇಪಿನ ಸ್ಪೀಕರ್ ಮುಂದೆ ಮೊಬೈಲ್ ಹಿಡಿದು ರೆಕಾರ್ಡ್ ಮಾಡುವ ರೂಢಿ ನಮಗೆ ಒಪ್ಪಿಗೆಯಿಲ್ಲ. ಫ್ಯಾನಿನ ಸದ್ದು, ಕುಕ್ಕರಿನ ಸೀಟಿ ಎಲ್ಲವೂ ಅಬ್ಬಾರ ಮಾತಿನೊಳಗೆ ಶಾಶ್ವತವಾಗಿ ಸೇರಿಬಿಡುತ್ತವೆ.

ಆಡಾಸಿಟಿ ಎಂಬ ತಂತ್ರಾಂಶ ಉಚಿತ. ದನಿಯ ಮಟ್ಟ ಅತಿ ಜೋರಿನ ಕಡೆಯೂ ಮೈನಸ್ 6 ಡೆಸಿಬಲ್ ದಾಟದಂತೆ ನೋಡಿಕೊಳ್ಳಿ. 90 ನಿಮಿಷದ ಕ್ಯಾಸೆಟ್‌ಗೆ 90 ನಿಮಿಷವೇ ಬೇಕು, ಇಲ್ಲಿ ಅವಸರ ನಡೆಯದು. ಮೂಲ ಪ್ರತಿಯನ್ನು ವೇವ್ ರೂಪದಲ್ಲಿ ಇಡಿ, ಸಿ.ಡಿ. ಗುಣಮಟ್ಟದಲ್ಲಿ ಗಂಟೆಗೆ ಸುಮಾರು 635 ಎಂ.ಬಿ. ಆಗುತ್ತದೆ. ಕುಟುಂಬದವರಿಗೆ ಕಳಿಸಲು 128 ಕೆಬಿಪಿಎಸ್‌ನ ಎಂಪಿ3 ಮಾಡಿದರೆ ಗಂಟೆಗೆ 58 ಎಂ.ಬಿ. ಸಾಕು. ಟೇಪಿನ 'ಸ್ಸ್' ಸದ್ದು ತೆಗೆಯುವ ಸೌಲಭ್ಯವೂ ಅದರಲ್ಲಿದೆ, ಆದರೆ ಅತಿಯಾದರೆ ಮನುಷ್ಯನ ದನಿ ತಗಡಿನ ದನಿಯಾಗುತ್ತದೆ. ಅದನ್ನೇನಿದ್ದರೂ ನಕಲಿನ ಮೇಲೆ ಮಾಡಿ. ಗ್ರಾಮಫೋನ್ ತಟ್ಟೆ ಇರುವವರಿಗೆ ಒಂದೇ ಮಾತು: 78 ವೇಗದ ಹಳೆಯ ತಟ್ಟೆಗೆ ದಪ್ಪ ಮುಳ್ಳು ಬೇರೆಯೇ ಬೇಕು, ಎಲ್‌ಪಿ ಮುಳ್ಳಿನಲ್ಲಿ ನುಡಿಸಬೇಡಿ.

ಇನ್ನು ಅದಬ್‌ನ ವಿಷಯ. ಕ್ಯಾಸೆಟ್‌ನಲ್ಲಿ ಸಲಾಂ ಮಾತ್ರ ಇರುವುದಿಲ್ಲ. ಗಂಡನಿಗೆ ಹೆಂಡತಿ ಅತ್ತು ಹೇಳಿಕೊಂಡ ಕಷ್ಟ, ಸಾಲದ ಲೆಕ್ಕ, ಅತ್ತೆಯ ಮೇಲಿನ ದೂರು ಕೂಡ ಇರುತ್ತದೆ. ಕೂಟದಲ್ಲಿ ಆಡಿದ ಮಾತು ಅಮಾನತ್ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಹೇಳಿದವರು ಬದುಕಿದ್ದರೆ ಕೇಳಿಸಿಕೊಳ್ಳುವ ಮೊದಲೇ ಅವರ ಅನುಮತಿ ಪಡೆಯಿರಿ. ಗಂಡ ಹೆಂಡತಿಯ ಖಾಸಗಿ ಮಾತು ಎಂದು ತಿಳಿದ ಕೂಡಲೇ ನಿಲ್ಲಿಸಿ ಅವರ ಕೈಗೇ ಕೊಡಿ. ತೀರಿಹೋದವರ ಗುಟ್ಟು, ಯಾರದೋ ಗೀಬತ್ ಸಿಕ್ಕರೆ ಆ ಭಾಗವನ್ನು ಹಂಚುವ ಪ್ರತಿಯಿಂದ ಕತ್ತರಿಸಿ. ದಾದಿ, ನಾನಿಯ ದನಿಯನ್ನು ನೂರಾರು ಜನರ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು ಪ್ರೀತಿಯಲ್ಲ.

ಮನೆಯೊಳಗೆ ಮಾತ್ರ ಧಾರಾಳವಾಗಿ ಹಂಚಿ. ಹಿರಿಯ ಮಗನ ಲ್ಯಾಪ್‌ಟಾಪ್‌ನಲ್ಲಿ ಒಂದೇ ಪ್ರತಿ ಇದ್ದರೆ ಅದು ಕೆಟ್ಟ ದಿನ ಎಲ್ಲರದ್ದೂ ಹೋಯಿತು. ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೂ ಪೆನ್‌ಡ್ರೈವಿನಲ್ಲಿ ಕೊಡಿ, ತಂದೆಯ ದನಿ ಅವರದ್ದೂ ಹೌದು.

ಆಲಿಮರ ಬಯಾನ್‌ಗಳದ್ದು ಬೇರೆ ಮಾತು. ನಾಗವಾರದ ಸಬೀಲುರ್ರಶಾದ್‌ನ ಮುಫ್ತಿ ಅಶ್ರಫ್ ಅಲಿ ಬಾಕವಿ ಸಾಹೇಬರು 2017ರಲ್ಲಿ ನಮ್ಮನ್ನಗಲಿದರು. ಅಂಥ ಹಿರಿಯರ ಮಾತು ನಿಮ್ಮ ಡಬ್ಬದಲ್ಲಿದ್ದರೆ ಪೂರ್ತಿಯಾಗಿ ಉಳಿಸಿ, ಅರ್ಧ ನಿಮಿಷದ ತುಣುಕು ಮಾಡಬೇಡಿ. ಹಿಂದುಮುಂದಿಲ್ಲದ ಮಸಲಾ ಜಗಳಕ್ಕೆ ದಾರಿ. ಪ್ರತಿಯೊಂದನ್ನು ಅವರ ಮದ್ರಸಾಕ್ಕೆ ತಲುಪಿಸಿ.

ವರ್ಗಾಯಿಸಿದ ಮೇಲೂ ಕ್ಯಾಸೆಟ್ ಎಸೆಯಬೇಡಿ. ಸ್ಪೀಕರಿನಿಂದ ದೂರ, ಒಣಗಿದ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿ. ಫೈಲಿಗೆ ಹೆಸರಿಡುವಾಗ ಯಾರ ದನಿ, ಯಾವ ಊರು, ಯಾವ ವರ್ಷ ಎಂದು ಬರೆಯಿರಿ. ಅದನ್ನು ಹೇಳಬಲ್ಲ ಹಿರಿಯರು ಮನೆಯಲ್ಲಿದ್ದರೆ ಈ ಭಾನುವಾರವೇ ಅವರ ಪಕ್ಕದಲ್ಲಿ ಕೂತು ಕೇಳಿ.